ಗ್ರೂಪಿಗೂ ಒಬ್ಬ ನೀರುಗಂಟಿ ಬೇಕು

ಕನ್ನಂಬಾಡಿ ಕಟ್ಟೆಯಲ್ಲಿ ಇವತ್ತು ಎಷ್ಟಡಿ ನೀರು? ಮಳೆಗಾಲದಲ್ಲಿ ಮಂಡ್ಯ ಸೀಮೆಯ ರೈತರು ಎದ್ದೊಡನೆ ಕೇಳುವ ಪ್ರಶ್ನೆ ಇದು. ಟೀ ಅಂಗಡಿಯ ಪತ್ರಿಕೆಯಲ್ಲಿ ಸಿಗುತ್ತಿದ್ದ ಉತ್ತರ ಈಗ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸಿಗುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ (ಕೆಲ ದಿನ ಬಿಟ್ಟು, ಕೆಲ ದಿನ ನಿಲ್ಲಿಸಿ) ನೀರು ಬಿಡುವ ದಿನ, ಮದ್ದೂರು ಮಾರುಕಟ್ಟೆಯ ಎಳನೀರಿನ ರೇಟು, ಮಂಡ್ಯದ ಬೆಲ್ಲದ ಧಾರಣೆ, ಮಳವಳ್ಳಿ ಕಡೆಯ ಊರಹಬ್ಬದ ಕರೆ ಎಲ್ಲವೂ ಅಲ್ಲೇ ಬರುತ್ತವೆ.

ಆದರೆ ಆ ಸುದ್ದಿಗಳ ಮೇಲೆ ಎಷ್ಟೊಂದು ಕಸ! ಐದೇ ನಿಮಿಷದಲ್ಲಿ ಸಾಲ, ಮನೆಯಲ್ಲೇ ಕೂತು ದುಡಿಮೆ, ಹಣ ದುಪ್ಪಟ್ಟಾಗುವ ಷೇರು ಟಿಪ್ಸ್, ಹತ್ತು ಜನರಿಗೆ ಕಳಿಸಿದರೆ ಉಚಿತ ರೀಚಾರ್ಜ್. ಇದಕ್ಕೇ ಸ್ಪ್ಯಾಮ್ ಎನ್ನುತ್ತಾರೆ. ಹೆಸರು ಬಂದದ್ದು 1970ರ ಬ್ರಿಟಿಷ್ ಟಿ.ವಿ. ಹಾಸ್ಯವೊಂದರಿಂದ. ಅದರಲ್ಲಿ ‘ಸ್ಪ್ಯಾಮ್’ ಎಂಬ ಡಬ್ಬಿ ಮಾಂಸದ ಹೆಸರನ್ನೇ ಕೂಗಿ ಕೂಗಿ ಉಳಿದವರ ಮಾತು ಕೇಳದಂತೆ ಮಾಡುತ್ತಾರೆ. 1978ರ ಮೇ 3ರಂದು ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಮಾರಾಟಗಾರ ಸುಮಾರು 400 ಮಂದಿಗೆ ಕೇಳದೇ ಕಳಿಸಿದ ಜಾಹೀರಾತು ಇದರ ಮೊದಲ ಉದಾಹರಣೆ. ಆಗಲೂ ಈಗಲೂ ಸ್ಪ್ಯಾಮ್ ಮಾಡುವ ಮೊದಲ ಕೇಡು ಒಂದೇ: ಬೇಕಾದ ಮಾತು ಬೇಡದ ಮಾತಿನಡಿ ಹೂತುಹೋಗುತ್ತದೆ.

ನಂಬಿಕೆಯ ದಾರಿಯಲ್ಲೇ ಮೋಸ

ಎರಡನೆಯ ಕೇಡು ಇನ್ನೂ ದೊಡ್ಡದು. ಪಿಎಂ ಕಿಸಾನ್ ಯೋಜನೆಯಲ್ಲಿ ರೈತರಿಗೆ ವರ್ಷಕ್ಕೆ ಮೂರು ಕಂತುಗಳಲ್ಲಿ 6,000 ರೂಪಾಯಿ ಬರುತ್ತದೆ. ‘ಕಂತು ಬೇಕಾದರೆ ಇದನ್ನು ಒತ್ತಿ’ ಎಂಬ ಸುಳ್ಳು ಸಂದೇಶದ ಜೊತೆ ಎಪಿಕೆ ಫೈಲು, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲು, ಬರುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿ, ಅದು ಕೇಳಿದ್ದಕ್ಕೆಲ್ಲ ಅನುಮತಿ ಕೊಟ್ಟರೆ ಫೋನಿಗೆ ಬರುವ ಒಟಿಪಿ ಕಳ್ಳರ ಕೈಸೇರಬಹುದು. ವಾಟ್ಸ್‌ಆ್ಯಪ್ ಖಾತೆಯೂ ಅವರ ವಶವಾದರೆ ಅದೇ ಫೈಲು ನಮ್ಮ ಹೆಸರಿನಲ್ಲೇ ನೆಂಟರಿಗೆ ಹೋಗುತ್ತದೆ. ‘ಚಿಕ್ಕಪ್ಪನೇ ಕಳಿಸಿದ್ದಾನಲ್ಲ’ ಎಂದು ಅವರೂ ಒತ್ತುತ್ತಾರೆ. ಆ ನಂಬಿಕೆಯೇ ಕಳ್ಳರ ಬಂಡವಾಳ.

ಫಾರ್ವರ್ಡ್ ಸಂದೇಶ ಜೀವವನ್ನೂ ತೆಗೆದಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹರಡಿ, ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಗುಂಪಿನ ಹೊಡೆತಕ್ಕೆ ಬಲಿಯಾದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಎಂಬ ಮಿತಿ ಪ್ರಕಟಿಸಿತು. 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸುವಂತೆ ಬಿಗಿ ಮಾಡಿತು.

ತೂಬು ಯಾರ ಕೈಯಲ್ಲಿ?

ಕಂಪನಿ ಹಾಕುವ ಇಂಥ ಮಿತಿಗಳೆಲ್ಲ ಅಣೆಕಟ್ಟೆಯ ದೊಡ್ಡ ಗೇಟುಗಳಿದ್ದಂತೆ. ಗದ್ದೆಯ ಬದುವಿನವರೆಗೆ ಅವು ಕಾಯಲಾರವು. ಅದಕ್ಕೆ ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ಅವನ ಕೆಲಸ. ಊರು ಅವನಿಗೆ ಸುಗ್ಗಿಯಲ್ಲಿ ದವಸ ಅಳೆಯುತ್ತಿತ್ತು. ಅವನು ಕಣ್ಣು ಮುಚ್ಚಿದರೆ ಕಾಲುವೆಯ ಕೊನೆಯ ಗದ್ದೆ ಒಣಗುತ್ತಿತ್ತು.

ಗ್ರೂಪಿನ ಅಡ್ಮಿನ್ ಇಂದಿನ ನೀರುಗಂಟಿ. ಅವನ ಕೈಯಲ್ಲೂ ತೂಬುಗಳಿವೆ. ಹೊಸಬರು ಸೇರಬೇಕಾದರೆ ಅಡ್ಮಿನ್ ಒಪ್ಪಿಗೆ ಬೇಕೆಂದು ಸೆಟ್ಟಿಂಗ್ ಇಡಬಹುದು. ಸೇರುವ ಲಿಂಕನ್ನು ಎಲ್ಲೆಂದರಲ್ಲಿ ಹಂಚದೆ, ಕೈತಪ್ಪಿದರೆ ರೀಸೆಟ್ ಮಾಡಬಹುದು. ನೀರು, ಧಾರಣೆಯ ಸುದ್ದಿಗೆ ಅಡ್ಮಿನ್‌ಗಳಷ್ಟೇ ಬರೆಯುವ ಪ್ರತ್ಯೇಕ ಗ್ರೂಪು ಮಾಡಬಹುದು. ಎಪಿಕೆ ಫೈಲು ಕಂಡೊಡನೆ ಎಲ್ಲರ ಫೋನಿನಿಂದಲೂ ಅಳಿಸಿ, ಕಳಿಸಿದವರಿಗೆ ಕರೆ ಮಾಡಿ ‘ಏನ್ಲಾ, ಇದು ನೀನೇ ಕಳ್ಸಿದ್ದಾ?’ ಎಂದು ಕೇಳಬಹುದು. ಆ ಒಂದು ಕರೆ ಊರಿನ ಎಷ್ಟೋ ಮನೆಗಳ ಹಣ ಉಳಿಸೀತು.

ಸದಸ್ಯರಿಗೂ ಹೊಣೆಯಿದೆ. ಜಾಹೀರಾತು ಎಸ್ಸೆಮ್ಮೆಸ್ಸು ಬೇಡವಾದರೆ 1909ಕ್ಕೆ ಹೇಳಬೇಕು. ಅನುಮಾನದ ಕರೆ, ಸಂದೇಶದ ಬಗ್ಗೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ದೂರು ಕೊಡಬೇಕು. ಹಣ ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಕೂರದೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಜಾರದಂತೆ ತಡೆಯುವ ಅವಕಾಶ ಹೆಚ್ಚು.

ನಾಲೆಯ ಕೊನೆ ಭಾಗದ ಸಂಕಟ ಮದ್ದೂರು, ಮಳವಳ್ಳಿಯ ರೈತರಿಗೆ ಹೊಸದಲ್ಲ. ಗ್ರೂಪಿಗೂ ಒಂದು ಕೊನೆ ಭಾಗ ಇದೆ. ಓದು ನಿಧಾನವಾದ ಅಜ್ಜ, ಮಗನ ಹಳೆಯ ಫೋನು ಹಿಡಿದ ಅವ್ವ ಅಲ್ಲಿದ್ದಾರೆ. ಸುದ್ದಿ ಕೊನೆಗೆ ತಲುಪುವುದು ಅವರಿಗೆ, ಮೋಸ ಮೊದಲು ತಟ್ಟುವುದೂ ಅವರಿಗೇ. ‘ಇವತ್ತು ರಾತ್ರಿ ನಾಲೆಗೆ ನೀರು’ ಎಂಬ ಒಂದು ಸಾಲು ಕಸವಿಲ್ಲದೆ ಅವರ ಕಣ್ಣಿಗೆ ಬಿದ್ದ ದಿನ, ಆ ಊರಿನ ನೀರುಗಂಟಿ ತನ್ನ ಕೆಲಸ ಮಾಡಿದ್ದಾನೆ ಎಂದು ತಿಳಿಯಬಹುದು.