ಓದಿಗೆ ಬೇಕಾದ ಸಾಧನ: ಯಾವ ಕಚೇರಿಯ ಬಾಗಿಲು ತಟ್ಟಬೇಕು?

ಮಗುವಿಗೆ ಶ್ರವಣ ಸಾಧನವೋ ಗಾಲಿಕುರ್ಚಿಯೋ ಬ್ರೈಲ್ ಕಿಟ್ಟೋ ಬೇಕೆಂದಾಗ ಹೆತ್ತವರು ಮೊದಲು ದಾನಿಗಳನ್ನು ಹುಡುಕುತ್ತಾರೆ. ನನ್ನ ಪ್ರಕಾರ ದಾನಿಗಳ ಸರದಿ ಬರಬೇಕಾದ್ದು ಕೊನೆಗೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ ವಿದ್ಯಾರ್ಥಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸೂಕ್ತ ಸಾಧನ ಉಚಿತವಾಗಿ ಸಿಗಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಅರ್ಜಿಯಲ್ಲಿ ಇದನ್ನು ನಮೂದಿಸಿ.

ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದೆ ಮುಂದಿನ ಕೆಲಸ ಸಾಗುವುದು ಕಷ್ಟ. ಅದನ್ನು ಮೊದಲೇ ಮಾಡಿಸಿಕೊಳ್ಳಿ.

ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ದುಡ್ಡು ಬರುವುದು ಸಮಗ್ರ ಶಿಕ್ಷಣ ಯೋಜನೆಯಿಂದ. ಮುಖ್ಯ ಶಿಕ್ಷಕರ ಜತೆಗೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ (ಬಿಆರ್‌ಸಿ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನೂ (ಬಿಐಇಆರ್‌ಟಿ) ಕಾಣಿ. ತಾಲ್ಲೂಕಿನ ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಮಕ್ಕಳ ಪಟ್ಟಿ ಮಾಡುವವರು ಅವರೇ. ಶಿಬಿರದಲ್ಲಿ ಪರೀಕ್ಷೆ, ಅಳತೆ ಎಲ್ಲ ನಡೆಯುತ್ತದೆ. ಸಾಧನ ಕೈ ಸೇರುವುದು ಆಮೇಲೆ, ಕೆಲವೊಮ್ಮೆ ತಿಂಗಳುಗಳೇ ಕಳೆದ ಮೇಲೆ. ಶಿಬಿರ ತಪ್ಪಿದರೆ ಆ ವರ್ಷವೇ ಕೈತಪ್ಪಬಹುದು. ಬೆಳೆಯುವ ಮಗು ಅಷ್ಟರಲ್ಲಿ ಉದ್ದವಾಗಿರುತ್ತದೆ, ಅದನ್ನೂ ಅಳತೆ ತೆಗೆಯುವವರ ಕಿವಿಗೆ ಹಾಕಿ. ತರಗತಿಯ ಬಾಗಿಲು, ಶೌಚಾಲಯದ ಅಗಲ ಬರೆದುಕೊಂಡು ಹೋದರೆ ಒಳಗೇ ಹೋಗದ ಗಾಲಿಕುರ್ಚಿ ಬರುವುದು ತಪ್ಪುತ್ತದೆ.

ಶಾಲೆ ಯಾವುದೇ ಇರಲಿ, ಸಾಧನ ಪಡೆಯಲು ನೆರವಾಗುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ ಇದ್ದೇ ಇದೆ. ಹೆತ್ತವರ ಆದಾಯ ತಿಂಗಳಿಗೆ 22,500 ರೂಪಾಯಿ ಮೀರದಿದ್ದರೆ ಪೂರ್ಣ ನೆರವು, 30,000ದವರೆಗೆ ಅರ್ಧ. ಸಾಧನದ ಬೆಲೆಗೂ ಒಂದು ಮಿತಿ ಇದೆ. ಅದೇ ಸಾಧನವನ್ನು ಮತ್ತೆ ಕೇಳಲು ಮೂರು ವರ್ಷ ಕಾಯಬೇಕು. 12ರೊಳಗಿನ ಮಕ್ಕಳಿಗೆ ಒಂದೇ ವರ್ಷ. ಶ್ರವಣ ಸಾಧನಕ್ಕಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ಯೋಜನೆ ಇದೆ.

ಎಸ್ಸೆಸ್ಸೆಲ್ಸಿ ದಾಟಿದ ಅಂಧ ವಿದ್ಯಾರ್ಥಿಗಳು ರಾಜ್ಯದ ವಿಕಲಚೇತನರ ಇಲಾಖೆಯ ಟಾಕಿಂಗ್ ಲ್ಯಾಪ್‌ಟಾಪ್‌ಗೆ ಅರ್ಜಿ ಹಾಕಬಹುದು. ಅದು ಬರುವವರೆಗೆ ಓದು ನಿಲ್ಲಿಸಬೇಕಿಲ್ಲ: ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಪೂರ್ತಿ ಉಚಿತ, ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಕನ್ನಡವನ್ನೂ ಓದುತ್ತದೆ. ದುಬಾರಿ ತಂತ್ರಾಂಶಕ್ಕೆ ಹಣ ಹೊಂದಿಸುವ ಮೊದಲು ಇವನ್ನು ಬಳಸಿ ನೋಡಿ.

ಗ್ರಾಮ ಪಂಚಾಯಿತಿಯಲ್ಲೂ ವಿಕಲಚೇತನರಿಗೆಂದು ಶೇ 5ರಷ್ಟು ಹಣ ಮೀಸಲು. ಅಲ್ಲಿನ ಪುನರ್ವಸತಿ ಕಾರ್ಯಕರ್ತರ ಮೂಲಕ ಲಿಖಿತವಾಗಿಯೇ ಕೇಳಿ, ಸ್ವೀಕೃತಿ ಪಡೆಯಿರಿ.

ಇನ್ನು ದಾನಿಗಳು. ಅವರಿಂದ ಹೊಸ ಯಂತ್ರ ಕೇಳುವುದಕ್ಕಿಂತ ಬ್ಯಾಟರಿ, ಕಿವಿಯ ಅಚ್ಚು, ಟೈರು, ರಿಪೇರಿಯ ಖರ್ಚು ಕೇಳುವುದು ಮೇಲು. ಸಾಧನ ಮೂಲೆ ಸೇರುವುದು ಹೆಚ್ಚಾಗಿ ಇಂಥ ಚಿಲ್ಲರೆ ಖರ್ಚಿಗೆ ಹಣವಿಲ್ಲದೆಯೇ.