ಬೆಳೆಯುವ ಹುಡುಗನೂ ಹಿಮದ ಹಲಗೆಯೂ

ಬೆಳೆಯುವ ಮಕ್ಕಳಿಗೆ ಅಂಗಿಯನ್ನು ಹೊಲಿಸುವಾಗ ಎರಡಂಗುಲ ಹೆಚ್ಚಾಗಿಯೇ ಇಡಿಸುವುದು ನಮ್ಮ ಗೃಹಸ್ಥರ ಪದ್ಧತಿಯಷ್ಟೆ. ಅದು ಮಿತವ್ಯಯದ ಲಕ್ಷಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ನ್ಯಾಯವು ಸರ್ವತ್ರ ಸಲ್ಲತಕ್ಕುದಲ್ಲವೆಂಬುದನ್ನು ನಾನು ಅರುವತ್ತನೆಯ ವಯಸ್ಸಿನಲ್ಲಿ ಕಲಿಯಬೇಕಾಯಿತು.

ನನ್ನ ಮಗಳ ಸಂಸಾರವು ಅಮೆರಿಕಾ ದೇಶದ ಕೊಲರಾಡೋ ಸಂಸ್ಥಾನದಲ್ಲಿರುವುದು. ಅಲ್ಲಿಯ ರಾಕಿ ಪರ್ವತಗಳ ಇಳಿಜಾರುಗಳಲ್ಲಿ ಚಳಿಗಾಲ ಬಂದಿತೆಂದರೆ ಬಾಲಕರು ‘ಸ್ನೋಬೋರ್ಡ್’ ಎಂಬ ಒಂದೇ ಹಲಗೆಗೆ ಎರಡು ಪಾದಗಳನ್ನೂ ಬಿಗಿದುಕೊಂಡು ಹಿಮದ ಮೇಲೆ ಜಾರುವರು. 1965ರಲ್ಲಿ ಮಿಚಿಗನ್ನಿನ ಶರ್ಮನ್ ಪಾಪೆನ್ ಎಂಬಾತನು ತನ್ನ ಮಕ್ಕಳ ವಿನೋದಕ್ಕಾಗಿ ಎರಡು ಸ್ಕೀಗಳನ್ನು ಜೋಡಿಸಿದುದೇ ಇದರ ಪೂರ್ವರೂಪ. 1998ರಲ್ಲಿ ಜಪಾನಿನ ನಗಾನೊ ನಗರದಲ್ಲಿ ಜರುಗಿದ ಚಳಿಗಾಲದ ಒಲಿಂಪಿಕ್ ಕೂಟದಲ್ಲಿ ಈ ಆಟಕ್ಕೆ ಸ್ಥಾನವು ದೊರೆಯಿತು.

ನನ್ನ ಮೊಮ್ಮಗನು ಹಲಗೆಯೊಡನೆ ನೆಗೆದು ಗಾಳಿಯಲ್ಲಿ ಸುತ್ತುವ ‘ಫ್ರೀಸ್ಟೈಲ್’ ವಿದ್ಯೆಯನ್ನು ಕಲಿಯಲೆಳಸಿದನು. ಹಲಗೆಯ ವಿಚಾರವಾಗಿ ಮಗಳು ಕೇಳಿದಾಗ, “ಉದ್ದವಾದುದನ್ನೇ ಕೊಳ್ಳಿರಿ, ಎರಡು ವರ್ಷ ಬಾಳುವುದು” ಎಂದೆನು. ಹುಡುಗನು ಅದನ್ನು ತಿರುಗಿಸಲಾರದೆ ಬಿದ್ದು ಮಣಿಕಟ್ಟನ್ನು ಮುರಿದುಕೊಂಡನು. ತಪ್ಪು ಅವನದಲ್ಲ, ನನ್ನದು. ಆ ಬಳಿಕ ಬಲ್ಲವರಿಂದ ಕೇಳಿ ತಿಳಿದುದನ್ನು ಇಲ್ಲಿ ಅರಿಕೆಮಾಡುವೆನು.

ಹಲಗೆಯನ್ನು ಗಲ್ಲಕ್ಕೋ ಮೂಗಿಗೋ ಸರಿಯಾಗಿ ನಿಲ್ಲಿಸಿ ಅಳೆಯುವುದು ಹಳೆಯ ವಾಡಿಕೆ. ವಾಸ್ತವವಾಗಿ ಎತ್ತರಕ್ಕಿಂತ ದೇಹದ ತೂಕವೇ ಮುಖ್ಯವಾದುದು. ಹಲಗೆಯು ಬಿಲ್ಲಿನಂತೆ ಬಾಗಿದಲ್ಲದೆ ವಶವಾಗದು. ಅದನ್ನು ಬಾಗಿಸುವುದು ತೂಕವೇ. ಆದಕಾರಣ ತಯಾರಕರು ಪ್ರತಿಯೊಂದು ಅಳತೆಗೂ ಒಪ್ಪುವ ತೂಕದ ಪಟ್ಟಿಯನ್ನು ಕೊಟ್ಟಿರುವರು. ಸುಮಾರು 70 ಕಿಲೋಗ್ರಾಂ ತೂಗುವ ವಯಸ್ಕನಿಗೆ ಸಾಮಾನ್ಯ ಸಂಚಾರಕ್ಕೆ 155 ಸೆಂಟಿಮೀಟರಿನ ಆಸುಪಾಸಿನ ಹಲಗೆಯು ಸಲ್ಲುವುದು. ನೆಗೆತ ಸುತ್ತುಗಳ ಅಭ್ಯಾಸಕ್ಕಾದರೆ 3ರಿಂದ 5 ಸೆಂಟಿಮೀಟರು ಕಡಿಮೆಯಿರುವುದು ಮೇಲು. ಉದ್ದನೆಯ ಒನಕೆಯನ್ನು ನಡುವೆ ಹಿಡಿದು ತಿರುಗಿಸುವುದು ಕಷ್ಟ, ಗಿಡ್ಡ ಕೋಲನ್ನು ತಿರುಗಿಸುವುದು ಸುಲಭವಲ್ಲವೇ? ಹಾಗೆಂದು ಅತಿ ಗಿಡ್ಡವೂ ಸಲ್ಲದು. ವೇಗದಲ್ಲಿಯೂ ನೆಲಕ್ಕಿಳಿಯುವಾಗಲೂ ಅದು ಅಲುಗಾಡುವುದು.

ಅಗಲವು ಬೂಟಿನ ಅಳತೆಯನ್ನು ಅನುಸರಿಸತಕ್ಕದ್ದು. ಬೂಟಿನ ತುದಿಯೂ ಹಿಮ್ಮಡಿಯೂ ಅಂಚಿನಿಂದಾಚೆಗೆ ಒಂದೆರಡು ಸೆಂಟಿಮೀಟರು ಚಾಚಿದ್ದರೆ ಬಾಧಕವಿಲ್ಲ. ಅದಕ್ಕೆ ಮೀರಿದರೆ ಹೊರಳುವಾಗ ಹಿಮಕ್ಕೆ ತಗುಲಿ ಕೆಡಹುವುದು. ಹಲಗೆಯು ಅತಿ ಅಗಲವಾದರೆ ಒಂದಂಚಿನಿಂದ ಮತ್ತೊಂದಂಚಿಗೆ ಹೊರಳಲು ತಡಮಾಡುವುದು. ಕಲಿಯುವವನಿಗೆ ಮೆದುವಾಗಿ ಬಾಗುವ, ಎರಡು ತುದಿಗಳೂ ಸಮನಾಗಿರುವ ಹಲಗೆಯು ಹಿತಕರ.

ಬೆಳೆಯುವ ಮಕ್ಕಳಿಗೆ ವರ್ಷವರ್ಷವೂ ಕೊಳ್ಳುವುದೆಂತೆಂಬ ಚಿಂತೆ ಬೇಡ. ಜಾರುವ ಸ್ಥಳಗಳಲ್ಲಿಯೇ ಹಲಗೆಗಳು ಬಾಡಿಗೆಗೆ ದೊರೆಯುವುವು. ಉಳಿದ ಹಣದಲ್ಲಿ ಮಣಿಕಟ್ಟಿನ ಕಾಪನ್ನೂ ಶಿರಸ್ತ್ರಾಣವನ್ನೂ ಕೊಡಿಸುವುದು ವಿವೇಕ.

ಮೊಮ್ಮಗನ ಕೈ ಈಗ ಸ್ವಸ್ಥವಾಗಿದೆ. ಅವನು ತನ್ನ ತೂಕಕ್ಕೆ ತಕ್ಕ ಬಾಡಿಗೆಯ ಹಲಗೆಯ ಮೇಲೆ ಮೊದಲಿನಿಂದ ಕಲಿಯುತ್ತಿರುವನು. ಅಂಗಿಯು ನಾಳಿನ ಮೈಗೆ ಹೊಂದಿದರೆ ಸಾಕು. ಹಲಗೆಯು ಇಂದಿನ ಮೈಗೇ ಹೊಂದಿರಬೇಕು.