ಚಿನ್ನ ಮುಗಿದರೂ ನಿಲ್ಲದ ರೈಲು

ಪುಟಾಣಿಗಳೇ, ನಿಮಗೊಂದು ಒಗಟು. ಹೆಸರಲ್ಲಿ ಬಂಗಾರವಿದೆ, ಆದರೆ ಆ ಹೆಸರು ಬಂಗಾರದಿಂದ ಬಂದದ್ದಲ್ಲ. ಯಾವ ಊರು ಹೇಳಿ?

ನಮ್ಮೂರು ಬಂಗಾರಪೇಟೆ! ಹಿಂದೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನಿಂದ ಇದು ಬೌರಿಂಗ್‌ಪೇಟೆ ಆಗಿತ್ತು. ಜನರ ಬಾಯಲ್ಲಿ ಬಂಗಾರಪೇಟೆ ಆಯಿತು. ನಿಜವಾದ ಬಂಗಾರ ಸಿಗುತ್ತಿದ್ದುದು ಪಕ್ಕದ ಕೋಲಾರ ಚಿನ್ನದ ಗಣಿಯಲ್ಲಿ. ಅದನ್ನು ನಾವೆಲ್ಲ ಕೆಜಿಎಫ್ ಎನ್ನುತ್ತೇವೆ.

ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗ 1864ರಲ್ಲೇ ನಮ್ಮೂರಿನ ಮೇಲೆ ಹಾದುಹೋಯಿತು. ಆದರೆ ಗಣಿಯವರೆಗೆ ಹಳಿ ಇರಲಿಲ್ಲ. ಭಾರದ ಯಂತ್ರಗಳನ್ನು ಇಲ್ಲಿ ಇಳಿಸಿ, ಎತ್ತಿನ ಗಾಡಿಗಳಲ್ಲಿ ಎಳೆಸಬೇಕಿತ್ತು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಸುಮಾರು 16 ಕಿ.ಮೀ. ಕವಲು ಮಾರ್ಗ ಬಂತು. ಆಮೇಲೆ ಗಣಿಗೆ ಬೇಕಾದ ಯಂತ್ರ, ಮರ, ಕಲ್ಲಿದ್ದಲು ಎಲ್ಲಕ್ಕೂ ದಾರಿ ಸುಲಭವಾಯಿತು. ಶಿವನಸಮುದ್ರದ ವಿದ್ಯುತ್ ಕೆಜಿಎಫ್ ತಲುಪಿದ್ದು 1902ರಲ್ಲಿ. ಅಂದರೆ ಕರೆಂಟಿಗಿಂತ ಎಂಟು ವರ್ಷ ಮೊದಲೇ ರೈಲು ಬಂದಿತ್ತು!

ಈ ದಾರಿಯ ನಿಲ್ದಾಣಗಳ ಹೆಸರು ಕೇಳಿ: ಕೋರಮಂಡಲ್, ಊರ್ಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಊರ್ಗಾಂ, ಚಾಂಪಿಯನ್ ಎಂದರೆ ಗಣಿಗಳ ಹೆಸರೇ. ಚಾಂಪಿಯನ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು.

ನಾನು ಚಿಕ್ಕವನಿದ್ದಾಗ ಬಂಗಾರಪೇಟೆಯಲ್ಲಿ ಎರಡು ಅಳತೆಯ ಹಳಿಗಳಿದ್ದವು. ಬೆಂಗಳೂರು, ಕೆಜಿಎಫ್ ಕಡೆಗೆ ಅಗಲ ಹಳಿ, ಕೋಲಾರದ ಕಡೆಗೆ ಕಿರಿದು. ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವಾಗ ನಮ್ಮ ಅಜ್ಜಿ ಗಂಟುಮೂಟೆ ಹೊತ್ತು ಇಲ್ಲಿ ಇಳಿದು, ಪುಟ್ಟ ರೈಲು ಹತ್ತುತ್ತಿದ್ದರು. ಅದು ಬಹಳ ನಿಧಾನ, ನಮಗಂತೂ ಆಟದ ರೈಲೇ! ನೀವೂ ಅಳೆದು ನೋಡಿ. ನೆಲದ ಮೇಲೆ ಎರಡೂವರೆ ಅಡಿ ದೂರದಲ್ಲಿ ಎರಡು ಗೆರೆ ಎಳೆಯಿರಿ, ಅದು ಪುಟ್ಟ ಹಳಿ. ಐದೂವರೆ ಅಡಿಗೆ ಇನ್ನೆರಡು ಎಳೆಯಿರಿ, ಅದು ದೊಡ್ಡ ಹಳಿ. ಈಗ ಕೋಲಾರದ ದಾರಿಯೂ ದೊಡ್ಡ ಹಳಿಯೇ.

ಮಾರಿಕುಪ್ಪಂ ಕೊನೆಯ ನಿಲ್ದಾಣ. ಉಗಿಬಂಡಿಯ ಕಾಲದಲ್ಲಿ ಎಂಜಿನ್ ಬಿಚ್ಚಿ, ಇನ್ನೊಂದು ತುದಿಗೆ ತಂದು ಜೋಡಿಸಿದ ಮೇಲೆ ರೈಲು ವಾಪಸ್ ಹೊರಡುತ್ತಿತ್ತು. ಇಂದಿನ ಮೆಮು ರೈಲಿನ ಎರಡು ತುದಿಯಲ್ಲೂ ಚಾಲಕರ ಕೋಣೆ ಇದೆ. ಚಾಲಕರು ಈ ತುದಿಯಿಂದ ಆ ತುದಿಗೆ ನಡೆದರೆ ಸಾಕು, ರೈಲು ಹೊರಡಲು ಸಿದ್ಧ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಂಬಳ ನಿಂತಿತು, ಎಷ್ಟೋ ಮನೆಗಳು ಊರು ಬಿಡಬೇಕೇ ಎಂದು ಯೋಚಿಸಿದವು. ಆಗ ಕೈ ಹಿಡಿದದ್ದು ಈ ರೈಲು. ಇಂದಿಗೂ ಸಾವಿರಾರು ಜನ ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ರೈಲು ತಡವಾದರೆ ಒಂದು ದಿನದ ಕೂಲಿಗೇ ಕುತ್ತು. ಆದರೂ ರಾತ್ರಿ ಮಲಗುವುದು ಸ್ವಂತ ಊರಿನ ಸ್ವಂತ ಮನೆಯಲ್ಲಿ.

ಮಾರಿಕುಪ್ಪಂನಿಂದ ಆಂಧ್ರದ ಕುಪ್ಪಂಗೆ ಹೊಸ ಮಾರ್ಗದ ಕೆಲಸ ನಡೆದಿದೆ. ಅದು ಮುಗಿದ ದಿನ ಮಾರಿಕುಪ್ಪಂ ಕೊನೆಯ ನಿಲ್ದಾಣವಾಗಿ ಉಳಿಯುವುದಿಲ್ಲ. ಚಿನ್ನಕ್ಕಾಗಿ ಹಾಕಿದ ಹಳಿ ಜನರಿಗಾಗಿ ಇನ್ನೂ ಮುಂದಕ್ಕೆ ಹೋಗುತ್ತದೆ.